ಗಾಲ್ಫ್ ಬೂಟು ಪಳಗಿದ ಭಾನುವಾರ

ಆ ಭಾನುವಾರ ಬೆಳಕು ಹರಿಯುವ ಮುಂಚೆಯೇ ಟೈಲರಮ್ಮ ನೀರಿನ ಮೋಟಾರು ಹಾಕಿದಳು. ಹಿತ್ತಿಲ ಬಾಗಿಲು ತೆಗೆದು ರಾತ್ರಿಯ ಪಾತ್ರೆಗಳನ್ನು ತಿಕ್ಕಿದಳು. ಟ್ಯಾಂಕು ತುಂಬಿ ಚೆಲ್ಲುವ ಸದ್ದಿಗೆ ಓಡಿಹೋಗಿ ಮೋಟಾರು ಆರಿಸಿ, ಅಲ್ಲಿಂದ ಓಡಿಬಂದು ಉಕ್ಕಲು ಹೊರಟಿದ್ದ ಹಾಲನ್ನು ತಡೆದಳು. ಅತ್ತೆಯ ಸ್ನಾನಕ್ಕೆ ನೀರು ಕಾಯಲಿಟ್ಟಳು. ನಡುಮನೆ ಗುಡಿಸಿ ಒರೆಸಿದಳು. ನೆನೆಸಿಟ್ಟ ಬಟ್ಟೆ ಕುಕ್ಕಿ, ಹಿಂಡಿ, ಬಕೆಟ್ಟು ಹೊತ್ತು ಮೆಟ್ಟಿಲು ಹತ್ತಿ ಮಹಡಿಯ ತಂತಿಗೆ ಹರವಿದಳು. ಇಳಿದು ಬಂದು ಗಂಡನ ಬಿಳಿ ಅಂಗಿಗೆ ಇಸ್ತ್ರಿ ಹಾಕಿದಳು. ಅಂಗಿಗೆ ಹಾಕಿದ ಮೇಲೆ ಟೋಪಿಯೇನು ಪಾಪ ಮಾಡಿತ್ತು ಎಂದು ಟೋಪಿಗೂ ಹಾಕಿದಳು. ಮಧ್ಯಾಹ್ನದ ಅಡುಗೆಗೆ ಈರುಳ್ಳಿ ಹೆಚ್ಚಿ ಕಣ್ಣೊರೆಸಿಕೊಂಡಳು.

ಇದರಲ್ಲಿ ಬರೆಯುವಂಥದ್ದೇನೂ ಇಲ್ಲ. ವರ್ಷಗಳಿಂದ ಹೀಗೇ ನಡೆದಿದೆ, ಯಾರೂ ಬರೆದಿಲ್ಲ. ಈಗ ಬರೆಯಬೇಕಾಗಿ ಬಂದದ್ದು ಯಾಕೆಂದರೆ, ಅವತ್ತು ಇಷ್ಟೂ ಕೆಲಸವನ್ನು ಅವಳು ಗಂಡನ ಹೊಸ ಗಾಲ್ಫ್ ಬೂಟು ಹಾಕಿಕೊಂಡು ಮಾಡಿದಳು.

ಬೂಟೆಂದರೆ ಅಂತಿಂಥ ಬೂಟಲ್ಲ. ಹಾಲಿನಂಥ ಬಿಳಿ ತೊಗಲು, ಮೂತಿಯ ಮೇಲೆ ಕಂದು ಬಣ್ಣದ ಕವಚ. ಅಟ್ಟೆಯ ತುಂಬ ಗಟ್ಟಿ ಪ್ಲಾಸ್ಟಿಕ್ಕಿನ ಮುಳ್ಳುಗಳು, ಒಂದೊಂದೂ ಕಾಲು ಚಾಚಿ ಕೂತ ಜೇಡದ ಹಾಗೆ. ಅದನ್ನು ಹಾಕಿಕೊಂಡು ಸಿಮೆಂಟು ನೆಲದ ಮೇಲೆ ನಡೆದರೆ ಕುದುರೆ ಗಾಡಿಯೊಂದು ಅಡುಗೆಮನೆಗೆ ಬಂದು ಹೋದಂತಾಗುತ್ತಿತ್ತು.

ಹೆಂಡತಿ ಯಾಕೆ ಗಂಡನ ಬೂಟು ಹಾಕಿಕೊಂಡಳು ಎಂದರೆ, ಅದು ಆ ಮನೆಯ ಸಂವಿಧಾನದ ಮೊದಲ ಕಲಮು. ಆ ಮನೆತನದ ಗಂಡಸರ ಪಾದ ಹೂವಿನಂಥದ್ದು ಎಂದು ಅತ್ತೆಯವರ ಖಚಿತ ಅಭಿಪ್ರಾಯ. ಹೊಸ ಬೂಟು ಕಚ್ಚುತ್ತದೆ. ಕಚ್ಚಿದರೆ ಗುಳ್ಳೆ ಏಳುತ್ತದೆ. ಗುಳ್ಳೆ ಎದ್ದರೆ ಮನೆಯ ಯಜಮಾನರು ಹಾಸಿಗೆ ಹಿಡಿಯುತ್ತಾರೆ. ಆದ್ದರಿಂದ ಬೂಟನ್ನು ಮೊದಲು ಇನ್ನೊಬ್ಬರು ಹಾಕಿ ಪಳಗಿಸಬೇಕು. ಅತ್ತೆ ತಮ್ಮ ಕಾಲದಲ್ಲಿ ಮಾವನವರ ಬೂಟಿಗೆ ಹಳೇ ಬಟ್ಟೆ ತುರುಕಿ, ತಮ್ಮ ಪುಟ್ಟ ಪಾದ ತೂರಿಸಿ, ವಾರಗಟ್ಟಲೆ ಮನೆಯೊಳಗೆ ದೋಣಿ ಎಳೆದಂತೆ ಎಳೆದುಕೊಂಡು ಓಡಾಡಿದವರು. ಮಗನ ಮದುವೆಯ ದಿನ ಸೊಸೆಯ ಪಾದ ಕಂಡು ನೆಂಟರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಾಗ, ಅತ್ತೆಯೊಬ್ಬರ ಮುಖ ಮಾತ್ರ ಅರಳಿತ್ತು. ಎಂಟರ ಅಳತೆ! ಮಗನದೂ ಎಂಟು! ಸೊಸೆ ಬಂದಳೆಂಬ ಸಂತೋಷ ಒಂದು ಕಡೆಯಾದರೆ ಅಳತೆ ಸಿಕ್ಕಿತೆಂಬ ಸಂತೋಷ ಇನ್ನೊಂದು ಕಡೆ.

ಅಲ್ಲಿಂದ ಶುರುವಾದದ್ದು. ಯಜಮಾನರ ಆಫೀಸಿನ ಕಪ್ಪು ಬೂಟು, ಮದುವೆ ಮುಂಜಿಗೆ ಹಾಕುವ ಹೊಳೆಯುವ ಬೂಟು, ವೈದ್ಯರು ನಡೆಯಲು ಹೇಳಿದಾಗ ತಂದು ಆಮೇಲೆ ನಡೆಯದೇ ಇದ್ದ ಬೂಟು, ಎಲ್ಲವನ್ನೂ ಟೈಲರಮ್ಮ ಎರಡೆರಡು ಕಾಲುಚೀಲ ತೊಟ್ಟು ಮೆಟ್ಟಿ, ಮೆತ್ತಗೆ ಮಾಡಿ ಕೊಟ್ಟಿದ್ದಳು. ಗುಳ್ಳೆ ಅವಳ ಕಾಲಿಗೂ ಏಳುತ್ತಿತ್ತು. ಅವಳದು ಹೂವಿನ ಪಾದವಲ್ಲವಾದ್ದರಿಂದ ಅದು ಲೆಕ್ಕಕ್ಕಿರಲಿಲ್ಲ.

ಇನ್ನು ಗಾಲ್ಫು. ಯಜಮಾನರು ನೀರೆತ್ತುವ ಪಂಪು ಮಾರುವ ಕಂಪನಿಯಲ್ಲಿ ಅಧಿಕಾರಿ. ಅವರ ಮೇಲಿನ ಅಧಿಕಾರಿಯನ್ನು ಆಫೀಸಿನವರೆಲ್ಲ ದೊಡ್ಡ ಮೇಡಂ ಎನ್ನುತ್ತಿದ್ದರು. ದೊಡ್ಡ ಮೇಡಂ ಪ್ರತಿ ಭಾನುವಾರ ಗಾಲ್ಫ್ ಆಡುವವರು. ವರ್ಷಕ್ಕೊಮ್ಮೆ ಆಫೀಸಿನ ಯಾರನ್ನಾದರೂ ಜೊತೆಗೆ ಕರೆದೊಯ್ಯುವರು. ಹಾಗೆ ಹೋಗಿ ಬಂದವರು ಮುಂದೆ ಒಂದು ಶಾಖೆಯ ಮುಖ್ಯಸ್ಥರಾಗುತ್ತಾರೆಂದು ಆಫೀಸಿನ ಕ್ಯಾಂಟೀನಿನಲ್ಲಿ ನಂಬಿಕೆ. ಈ ಸಲ ಕರೆ ಬಂದದ್ದು ಯಜಮಾನರಿಗೆ. ಗಾಲ್ಫಿನ ಬಗ್ಗೆ ಅವರಿಗಿದ್ದ ತಿಳಿವಳಿಕೆ ಇಷ್ಟೇ: ಹುಲ್ಲು ಇರುತ್ತದೆ, ಹುಲ್ಲಿನಲ್ಲಿ ಒಂದು ಗುಂಡಿ ಇರುತ್ತದೆ.

"ಆಟ ಆಮೇಲೆ ಕಲಿತರಾಯ್ತು ಕಣೇ. ಮೊದಲು ಬೂಟು ಸರಿಯಾಗಿರಬೇಕು," ಎಂದು ಅವರು ನಡುಮನೆಯ ಮಧ್ಯೆ ನಿಂತು ಘೋಷಿಸಿದರು. ಕೈಯಲ್ಲಿ ಛತ್ರಿ ತಲೆಕೆಳಗಾಗಿತ್ತು. "ಕಾಲು ಗಟ್ಟಿಯಾಗಿ ನಿಂತರೆ ಕೈ ತಾನಾಗೇ ಆಡುತ್ತೆ."

"ಯಾರ ಕಾಲು?" ಎಂದಳು ಟೈಲರಮ್ಮ. ಯಜಮಾನರು ಛತ್ರಿಯಿಂದ ಹೊಡೆದಿದ್ದ ಆಲೂಗಡ್ಡೆಯನ್ನು ಮಂಚದಡಿಯಿಂದ ತೆಗೆಯಲು ಅವಳು ಆಗ ಬಗ್ಗಿದ್ದಳು.

ಈ ಸಲ ಅವಳು ಸುಮ್ಮನೆ ಒಪ್ಪಲಿಲ್ಲ. ಬೂಟು ಪಳಗಿಸಿ ಕೊಡುತ್ತೇನೆ, ಆದರೆ ನೀವು ಆಡಲು ಹೋಗುವ ಆ ಭಾನುವಾರ ನನಗೆ ಬೇಕು ಎಂದಳು. ಬೇಕು ಅಂದರೆ ಏನು ಮಾಡುತ್ತೀಯ ಎಂದು ಯಜಮಾನರು ವಿಚಾರಿಸಿದರು. ಕೂರುತ್ತೇನೆ ಎಂದಳು. ಕೂತು? ಕೂತು ಏನೂ ಇಲ್ಲ. ಹೊಲಿಗೆ ಇಲ್ಲ, ಹೆಚ್ಚುವುದಿಲ್ಲ, ಮಡಚುವುದಿಲ್ಲ. ಸುಮ್ಮನೆ ಕೂರುವುದು. ಬೆಳಗಿನ ಒಂದಿಷ್ಟು ಕೆಲಸ ಮುಗಿಸಿ ಕೂತರೆ ದೀಪ ಹಚ್ಚುವ ಹೊತ್ತಿಗೆ ಏಳುವುದು. ಇಂಥ ವಿಚಿತ್ರ ಆಸೆ ಯಾರಿಗಾದರೂ ಇರುತ್ತದೆಯೇ ಎಂದು ಯಜಮಾನರು ತಾಯಿಯ ಮುಖ ನೋಡಿದರು. ತಾಯಿ ಸೂರು ನೋಡಿದರು. ಕೊನೆಗೆ ಅವರು ಆಫೀಸಿನ ಧ್ವನಿಯಲ್ಲಿ "ಮಂಜೂರು" ಎಂದರು. ಮದುವೆಯಾದಾಗಿನಿಂದ ಟೈಲರಮ್ಮನಿಗೆ ಮಂಜೂರಾದ ಮೊದಲ ರಜೆ ಅದು.

ಬೂಟು ಕೊಳ್ಳಲು ಇಬ್ಬರೂ ಸಂಜೆ ಹೊರಟರು. ಸಂಜೆಯ ಹೊತ್ತಿಗೆ ಪಾದ ಸ್ವಲ್ಪ ಊದಿರುತ್ತದೆ, ಆಗಲೇ ಅಳತೆ ನೋಡಬೇಕು ಎಂದು ಯಜಮಾನರು ಎಲ್ಲೋ ಓದಿದ್ದರು. ಅಂಗಡಿಯವನು ಸಣಕಲು ಮನುಷ್ಯ, ಮಾತಿನಲ್ಲಿ ಮಾತ್ರ ಬಲು ಪುಷ್ಟಿ. ಹೆಬ್ಬೆರಳಿನ ಮುಂದೆ ಇಷ್ಟು ಜಾಗ ಬಿಡಬೇಕು, ಹಿಮ್ಮಡಿ ಮಾತ್ರ ಜಾರಬಾರದು, ಇಳಿಜಾರಿನಲ್ಲಿ ನಿಂತು ನೋಡಬೇಕು, ಮೈ ತಿರುಗಿಸಿದಾಗ ಪಾದ ಬೂಟಿನೊಳಗೆ ತಿರುಗಬಾರದು ಎಂದು ಒಂದು ಪಾಠವನ್ನೇ ಒಪ್ಪಿಸಿ, ಯಜಮಾನರ ಮುಂದೆ ಬೂಟಿಟ್ಟು ಮಂಡಿಯೂರಿದ.

"ಅವಳಿಗೆ ಹಾಕಿ," ಎಂದರು ಯಜಮಾನರು.

ಅಂಗಡಿಯವನು ತಲೆಯೆತ್ತಿ ನೋಡಿದ. "ಆಡೋರು ಯಾರು ಸಾರ್?"

"ನಾನು."

"ಹಾಕ್ಕೊಳ್ಳೋರು?"

"ಮೊದಲು ಅವಳು, ಆಮೇಲೆ ನಾನು."

ಅಂಗಡಿಯವನು ಗಿರಾಕಿಯ ಮನೆಯ ವಿಚಾರ ತನಗೇಕೆ ಎಂದುಕೊಂಡವನಂತೆ ಟೈಲರಮ್ಮನ ಕಡೆಗೆ ಮಂಡಿ ತಿರುಗಿಸಿದ.

ಮೊದಲ ಜೊತೆ ಬೂದು ಬಣ್ಣದ್ದು. ಮುಳ್ಳಿಲ್ಲ, ಅಟ್ಟೆಯಲ್ಲಿ ಸಣ್ಣ ಸಣ್ಣ ಉಬ್ಬು. ಕಾಲಿಗೆ ಹಾಕಿದರೆ ಹಾಕಿದ್ದೇ ತಿಳಿಯದಷ್ಟು ಮೆತ್ತಗೆ. ಟೈಲರಮ್ಮ ಅಂಗಡಿಯಲ್ಲಿ ಒಂದು ಸುತ್ತು ಬಂದಳು, ಯಾರೂ ಹೇಳದಿದ್ದರೂ ಇನ್ನೊಂದು ಸುತ್ತು ಬಂದಳು. ಇದೇ ಇರಲಿ ಎಂದಳು. ಎರಡನೆಯದು ನೀರು ಒಳಗೆ ಬಿಡದ ಬೂಟು. ಒಳಗಿನ ಬೆವರನ್ನೂ ಹೊರಗೆ ಬಿಡುವುದಿಲ್ಲವೆಂದು ಅವಳಿಗೆ ಹಾಕಿದ ಗಳಿಗೆಯಲ್ಲೇ ತಿಳಿಯಿತು. ಮೂರನೆಯದೇ ಆ ಬಿಳಿ ಮತ್ತು ಕಂದು. ಹಲಗೆಯನ್ನು ಕೊರೆದು ಬಣ್ಣ ಬಳಿದಂತಿತ್ತು. ಹಾಕಿಕೊಂಡು ಹೆಜ್ಜೆಯಿಟ್ಟರೆ ಬೂಟು ಬಾಗಲಿಲ್ಲ, ಅವಳೇ ಬಾಗಿದಳು.

ಯಜಮಾನರ ಕಣ್ಣು ಮಿನುಗಿದ್ದು ಅದಕ್ಕೇ. "ನೋಡು, ಬೂಟು ಅಂದರೆ ಇದು. ದೂರದಿಂದಲೇ ಗೊತ್ತಾಗಬೇಕು, ಬರ್ತಾ ಇರೋನು ಆಟಗಾರ ಅಂತ."

ಸಾರ್, ಆ ಬೂದು ಜೊತೆಯಾದರೆ ಪಳಗಿಸುವ ತಾಪತ್ರಯವೇ ಇಲ್ಲ, ಇವತ್ತು ಕೊಂಡು ನಾಳೆಯೇ ಆಡಬಹುದು ಎಂದು ಅಂಗಡಿಯವನು ಒಂದು ಮಾತು ಹೇಳಿ ನೋಡಿದ.

"ಪಳಗಿಸೋಕೆ ನಮ್ಮ ಮನೇಲಿ ಜನ ಇದ್ದಾರೆ," ಎಂದರು ಯಜಮಾನರು. ಜನ ಎಂದರೆ ಒಬ್ಬಳೇ. ಅವಳು ಬೆಂಚಿನ ಮೇಲೆ ಕೂತು ತನ್ನ ರಬ್ಬರು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಳು.

ವಾರವಿಡೀ ಆ ಮನೆಯಲ್ಲಿ ಟಕಟಕ. ಒದ್ದೆ ಹಿತ್ತಿಲಲ್ಲಿ ಅವಳು ಜಾರದೆ ನಡೆದದ್ದು ಅದೇ ಮೊದಲು. ಅಷ್ಟರ ಮಟ್ಟಿಗೆ ಬೂಟನ್ನು ಅವಳು ಮೆಚ್ಚಿಕೊಂಡಳು. ಆದರೆ ಅಡುಗೆಮನೆಯ ಚಾಪೆ ಜರಡಿಯಾಯಿತು. ಸೊಸೆ ಕಾಲಿಟ್ಟಲ್ಲೆಲ್ಲ ಮಣ್ಣು ಸಡಿಲವಾಗುವುದನ್ನು ಕಂಡು ಅತ್ತೆ ಅವಳನ್ನು ಹೂವಿನ ಪಾತಿಯಲ್ಲಿ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನಡೆಸಿ ಗುದ್ದಲಿಯ ಕೆಲಸ ಉಳಿಸಿಕೊಂಡರು. ಒಂದು ಕಡೆ ಮಾತ್ರ ಟೈಲರಮ್ಮ ಬೂಟು ಕಳಚುತ್ತಿದ್ದಳು: ಹೊಲಿಗೆ ಮಷೀನಿನ ಮುಂದೆ. ಅದು ಕಾಲಿನಲ್ಲಿ ತುಳಿಯುವ ಹಳೆಯ ಮಷೀನು. ಪೆಡಲಿನ ಎರಕದ ಕಬ್ಬಿಣದಲ್ಲಿ ಬಳ್ಳಿ ಚಿತ್ತಾರ, ಚಿತ್ತಾರದ ತುಂಬ ತೂತು. ಬೀದಿಯ ಪರದೆಗಳು, ದಿಂಬಿನ ಚೀಲಗಳು, ಶಾಲೆಯ ಮಕ್ಕಳ ಲಂಗಗಳು ಎಲ್ಲ ಅದರ ಮೇಲೆಯೇ ಆಗಬೇಕು. ಅಲ್ಲಿ ಬರಿಗಾಲು ಎಂಬುದು ಅವಳ ಕಸುಬಿನ ನಿಯಮ.

ಇತ್ತ ರಜೆ ದಿನದಿನಕ್ಕೆ ಸವೆಯುತ್ತಿತ್ತು. ಬುಧವಾರ ಯಜಮಾನರು ಬಂದು, ಆಟ ಮುಗಿಸಿ ದೊಡ್ಡ ಮೇಡಂ ನಮ್ಮ ಮನೆಗೇ ಊಟಕ್ಕೆ ಬರುತ್ತಾರೆ, ನಾನೇ ಕರೆದೆ, ಏನೋ ಒಂದು ನಾಲ್ಕು ಬಗೆ ಮಾಡಿದರೆ ಸಾಕು ಎಂದರು. ಹಾಗಾದರೆ ಕೂರುವುದು ಊಟದ ಮೇಲೆ ಎಂದುಕೊಂಡಳು ಟೈಲರಮ್ಮ. ಶುಕ್ರವಾರ ಅತ್ತೆ, ಹೇಗೂ ಅವನು ಮನೇಲಿರಲ್ಲ, ಅಟ್ಟದ ಸಾಮಾನು ಇಳಿಸಿ ಧೂಳು ಹೊಡೆಯೋಣ ಕಣೇ ಎಂದರು. ಹಾಗಾದರೆ ಕೂರುವುದು ಅಟ್ಟದ ಮೇಲೆ. ಶನಿವಾರ ರಾತ್ರಿಯ ಹೊತ್ತಿಗೆ ರಜೆಯಲ್ಲಿ ಉಳಿದದ್ದು ಸುಮಾರು ಒಂದು ಲೋಟ ಟೀ ಕುಡಿಯುವಷ್ಟು.

ಭಾನುವಾರ ಬೆಳಿಗ್ಗೆ, ಈರುಳ್ಳಿ ಹೆಚ್ಚಿ ಮುಗಿದ ಮೇಲೆ, ಆ ಒಂದು ಲೋಟವನ್ನು ಅವಳು ಕೈಗೆತ್ತಿಕೊಂಡಿದ್ದಳಷ್ಟೇ. ಯಜಮಾನರು ಹೊಸ ಪ್ಯಾಂಟು ಹಿಡಿದು ಪೈಜಾಮದಲ್ಲೇ ಬಂದು ನಿಂತರು. ಪ್ಯಾಂಟು ಗೇಣುದ್ದ ಜಾಸ್ತಿ. ಇದು ಅವರಿಗೆ ಹೊಳೆದದ್ದು ದೊಡ್ಡ ಮೇಡಂ ಕಾರು ತರುವುದಕ್ಕೆ ಸ್ವಲ್ಪ ಮುಂಚೆ.

ಟೈಲರಮ್ಮ ಮಷೀನಿನ ಮುಂದೆ ಕೂತು ಬೂಟಿನ ಲೇಸಿಗೆ ಕೈ ಹಾಕಿದಳು.

"ಬಿಚ್ಚಬೇಡ, ಬಿಚ್ಚಬೇಡ," ಎಂದರು ಯಜಮಾನರು. "ಬೆರಳಿನ ಹತ್ತಿರ ಇನ್ನೂ ಸ್ವಲ್ಪ ಗಡುಸು ಇದೆ. ಪೆಡಲು ತುಳಿದರೆ ಅಲ್ಲೂ ಬಾಗುತ್ತೆ. ಒಂದೇ ಏಟಿಗೆ ಎರಡು ಕೆಲಸ."

ಒಂದೇ ಏಟಿಗೆ ಎರಡು ಕೆಲಸ ಮಾಡುವುದರಲ್ಲಿ ಅವಳಿಗೆ ಹೊಸದೇನಿರಲಿಲ್ಲ. ತುಳಿದಳು. ಪ್ಯಾಂಟಿನ ಎಡಗಾಲು ಸಲೀಸಾಗಿ ಮುಗಿಯಿತು. ಬಲಗಾಲನ್ನು ಸೂಜಿಯ ಕೆಳಗಿಟ್ಟು ಇನ್ನೇನು ತುಳಿಯಬೇಕು, ಅವಳ ಬಲಗಾಲಿನ ಬೂಟು ಕಟ್ ಎಂದಿತು. ಮುಳ್ಳುಗಳು ಪೆಡಲಿನ ಬಳ್ಳಿ ಚಿತ್ತಾರದೊಳಗೆ ಇಳಿದು, ಆ ಕಡೆ ಕಾಲು ಚಾಚಿ, ತಳ ಊರಿ ಕೂತುಬಿಟ್ಟವು. ಎಳೆದಳು, ಬರಲಿಲ್ಲ. ಲೇಸು ಬಿಚ್ಚಿ ಪಾದವನ್ನಾದರೂ ತೆಗೆಯೋಣವೆಂದರೆ, ಕತ್ತಲಿದ್ದಾಗಿನಿಂದ ಎರಡು ಕಾಲುಚೀಲ ತೊಟ್ಟು ಓಡಾಡಿದ್ದ ಪಾದ ಒಳಗೇ ಊದಿಕೊಂಡು ಬೆಣೆಯ ಹಾಗೆ ಕೂತಿತ್ತು.

"ರೀ, ಕಾಲು ಸಿಕ್ಕೊಂಡಿದೆ."

"ಕಾಲು ಹೋಗಲಿ, ಬೂಟಿಗೇನೂ ಆಗಿಲ್ಲ ತಾನೇ?" ಎಂದು ಯಜಮಾನರು ನೆಲದ ಮೇಲೆ ಅಂಗಾತ ಮಲಗಿ ಪೆಡಲಿನಡಿಗೆ ತಲೆ ತೂರಿಸಿದರು.

ಅತ್ತೆ ಎಣ್ಣೆಯ ಬಟ್ಟಲು ತಂದರು. ಉಂಗುರ ಸಿಕ್ಕಿಕೊಂಡರೆ ಎಣ್ಣೆ ಹಾಕುವುದಿಲ್ಲವೇ, ಇದೂ ಹಾಗೇ ಎಂದು ಧಾರಾಳವಾಗಿ ಬೂಟಿನೊಳಗೆ ಸುರಿದರು. ಅರ್ಧ ಬೂಟಿಗೆ, ಅರ್ಧ ಮಗನ ಹಣೆಗೆ. ಯಜಮಾನರು ಜಿಡ್ಡು ಕೈಯಲ್ಲಿ ಬೂಟು ಹಿಡಿದು ಹಿಂದಕ್ಕೆಳೆದರು, ಮುಂದಕ್ಕೆ ನೂಕಿದರು, ಮತ್ತೆ ಎಳೆದರು, ಮತ್ತೆ ನೂಕಿದರು. ಪೆಡಲು ಎಂಬುದು ಯಾರು ಅಲ್ಲಾಡಿಸುತ್ತಾರೆಂದು ನೋಡುವುದಿಲ್ಲ. ಚಕ್ರ ತಿರುಗಿತು, ಸೂಜಿ ಕುಣಿಯಿತು. ಮೇಲೆ ಪ್ಯಾಂಟಿನ ಬಲಗಾಲು ತಾನಾಗಿ ಮುಂದೆ ಮುಂದೆ ಸರಿಯಿತು. ರೀ ನಿಲ್ಲಿಸಿ, ರೀ ನಿಲ್ಲಿಸಿ ಎಂದು ಟೈಲರಮ್ಮ ಕೂಗುತ್ತಲೇ ಇದ್ದಳು. ಕಾಲು ನೋಯುತ್ತಿರಬೇಕು ಎಂದು ಅವರು ಇನ್ನೂ ಜೋರಾಗಿ ಜಗ್ಗಿದರು.

ಹೊರಗೆ ಕಾರಿನ ಹಾರ್ನು ಕೇಳಿಸಿತು.

ಯಜಮಾನರು ದಡಬಡ ಎದ್ದು, ಕೈ ಒರೆಸಿಕೊಂಡು, ಮಷೀನಿನಿಂದ ಪ್ಯಾಂಟನ್ನು ಕಿತ್ತುಕೊಂಡು ಒಳಗೋಡಿದರು. ಎಡಗಾಲು ಹಾಕಿದರು, ಹೋಯಿತು. ಬಲಗಾಲು ಹಾಕಿದರು, ಹೋಯಿತು, ಹೋಯಿತು, ಮತ್ತೆ ಹೊರಗೆ ಬರಲಿಲ್ಲ. ಪಾದ ದಾರಿ ಹುಡುಕಿ ಬಟ್ಟೆಯನ್ನು ಒದೆಯುತ್ತಿತ್ತು. ಅಷ್ಟು ಹೊತ್ತು ತಾವು ನೆಲದ ಮೇಲೆ ಮಲಗಿ ಹೊಲಿದದ್ದು ತಮ್ಮದೇ ಪ್ಯಾಂಟಿನ ಬಾಯನ್ನು ಎಂದು ಅವರಿಗೆ ತಿಳಿಯುವ ಹೊತ್ತಿಗೆ ಕಾಲು ಗೋಣಿಚೀಲದೊಳಗಿನ ಬೆಕ್ಕಿನಂತಾಗಿತ್ತು. ಒಂಟಿಕಾಲಿನಲ್ಲಿ ಕುಪ್ಪಳಿಸುತ್ತ ನಡುಮನೆಗೆ ಬಂದು, ಬಾಗಿಲಲ್ಲಿ ನಿಂತಿದ್ದ ದೊಡ್ಡ ಮೇಡಂಗೆ ನಮಸ್ಕಾರ ಹೇಳಲು ಕೈಯೆತ್ತಿ, ಆಯ ತಪ್ಪಿ ಅವರ ಪಾದದ ಬಳಿಯೇ ಬಿದ್ದರು.

ಹಾಗೆ ಬಿದ್ದಾಗ ಅವರು ಮೊದಲು ಕಂಡದ್ದು ದೊಡ್ಡ ಮೇಡಂ ಅವರ ಗಾಲ್ಫ್ ಬೂಟು. ಬಣ್ಣ ಯಾವುದೆಂದು ಹೇಳಲಾಗದಷ್ಟು ಹಳೆಯದು, ಹೆಬ್ಬೆರಳಿನ ಹತ್ತಿರ ಸುಕ್ಕು ಸುಕ್ಕು.

ದೊಡ್ಡ ಮೇಡಂ ಗಟ್ಟಿಮುಟ್ಟಾದ ಹೆಂಗಸು, ತಲೆಗೆ ಬಿಸಿಲಿನ ಟೋಪಿ. ಬಿದ್ದವರನ್ನೂ, ಮಷೀನಿಗೆ ಅಂಟಿದವಳನ್ನೂ, ಎಣ್ಣೆಯ ಬಟ್ಟಲು ಹಿಡಿದ ಮುದುಕಿಯನ್ನೂ ಒಂದು ಸುತ್ತು ನೋಡಿ, ಏನಾಯಿತೆಂದು ಕೇಳಿದರು. ಅತ್ತೆಯವರೇ ಮುಂದೆ ಬಂದು ಹೇಳಿದರು. ಹೆಮ್ಮೆಯಿಂದಲೇ ಹೇಳಿದರು: ನಮ್ಮ ಮನೆ ಗಂಡಸರ ಪಾದ ಹೂವಿನಂಥದ್ದು, ಬೂಟು ಪಳಗಿಸುವುದೆಲ್ಲ ನಮ್ಮ ಸೊಸೆಯೇ, ಅವಳ ಅಳತೆಯೂ ಎಂಟು.

"ಅಂದರೆ ನಿಮ್ಮ ಬೂಟು ಇವರು ಹಾಕ್ಕೊಳ್ತಾರೆ?" ಎಂದರು ದೊಡ್ಡ ಮೇಡಂ, ನೆಲದ ಕಡೆ ನೋಡಿ.

"ಪಳಗೋವರೆಗೆ ಮಾತ್ರ ಮೇಡಂ."

"ಆಟಾನೂ ಇವರೇ ಒಂದಷ್ಟು ದಿನ ಆಡಿ, ಮೆತ್ತಗೆ ಮಾಡಿ ಕೊಡ್ತಾರಾ?"

ಯಜಮಾನರು ಉತ್ತರ ಹುಡುಕುತ್ತ ಪ್ಯಾಂಟಿನೊಳಗಿನ ಕಾಲನ್ನೂ ಹುಡುಕಿದರು. ದೊಡ್ಡ ಮೇಡಂ ಮಂಡಿಯೂರಿ ಪೆಡಲನ್ನು ನೋಡಿದರು. ಪೆಡಲಿನ ಬೋಲ್ಟು ತುಕ್ಕು ಹಿಡಿದಿದೆ, ಮೆಕ್ಯಾನಿಕ್ಕನ್ನೇ ಕರೆಸಬೇಕು, ಇಲ್ಲವಾದರೆ ಬೂಟನ್ನು ಕತ್ತರಿಸಬೇಕು ಎಂದರು. ಕತ್ತರಿಗೆ ಬರವೇ ಆ ಮನೆಯಲ್ಲಿ? ಟೈಲರಮ್ಮನ ಬಲಗೈಯ ಪಕ್ಕದಲ್ಲೇ ಮೊಳದುದ್ದದ್ದು ಒಂದಿತ್ತು.

"ಮೇಡಂ, ನಿಜವಾದ ತೊಗಲು," ಎಂದರು ಯಜಮಾನರು ಕ್ಷೀಣವಾಗಿ.

ದೊಡ್ಡ ಮೇಡಂ ಯಜಮಾನರನ್ನು ನೋಡಿದ ಬಗೆಯಲ್ಲಿ ಒಂದು ಶಾಖೆ ದೂರ ದೂರ ಸರಿಯುತ್ತಿರುವುದು ಅತ್ತೆಗೂ ಕಾಣಿಸಿತು.

"ಬೇಡ ಮೇಡಂ," ಎಂದಳು ಟೈಲರಮ್ಮ. "ಇದನ್ನ ಕತ್ತರಿಸಿದರೆ ಇನ್ನೊಂದು ಜೊತೆ ತರ್ತಾರೆ. ಮೊದಲಿಂದ ಶುರು."

ದೊಡ್ಡ ಮೇಡಂ ನಕ್ಕದ್ದು ಹೇಗಿತ್ತೆಂದರೆ, ಮಹಡಿಯ ತಂತಿಯ ಮೇಲಿನ ಬಟ್ಟೆಗಳಿಗೂ ಕೇಳಿಸಿರಬೇಕು. ನಕ್ಕು, ಕಣ್ಣೊರೆಸಿಕೊಂಡು, ಎದ್ದು ನಿಂತು ತೀರ್ಪು ಕೊಟ್ಟರು. ಆಟ ಮುಂದಿನ ತಿಂಗಳಿಗೆ. ಅಷ್ಟರಲ್ಲಿ ಯಜಮಾನರು ತಮ್ಮ ಬೂಟನ್ನು ತಾವೇ ಹಾಕಿಕೊಂಡು ನಡೆದಿರಬೇಕು. ಗುಳ್ಳೆ ಎದ್ದರೆ ತೋರಿಸಲಿ, ನೋಡಲು ತಮಗೂ ಕುತೂಹಲವಿದೆ. ಟೈಲರಮ್ಮನ ಪಾದದ ಊತ ಇಳಿಯುವವರೆಗೆ ಅವಳು ಕೂತಲ್ಲಿಂದ ಕದಲಬಾರದು, ಯಾರೂ ಎಳೆಯಬಾರದು.

"ಊಟಕ್ಕೆ ಮಾತ್ರ ನಾನು ಬಂದೇ ಬರ್ತೀನಿ," ಎಂದರು ಬಾಗಿಲಲ್ಲಿ ತಿರುಗಿ. "ಅಡುಗೆ ನೀವು ಮಾಡಿರ್ತೀರಿ. ಶಾಖೆ ನಡೆಸೋರು ಒಂದು ಒಲೆ ನಡೆಸಲಾರರೇ?"

ಕಾರು ಹೊರಟುಹೋಯಿತು. ಮೆಕ್ಯಾನಿಕ್ಕು ಫೋನಿನಲ್ಲಿ, ಭಾನುವಾರವಲ್ಲವೇ, ಸಂಜೆಗೆ ಬರುತ್ತೇನೆ ಎಂದ.

ಯಜಮಾನರು ಹೊಲಿದ ಪ್ಯಾಂಟಿನಿಂದ ಕಾಲು ಬಿಡಿಸಿಕೊಂಡು, ಪೈಜಾಮ ಏರಿಸಿ, ಅಡುಗೆಮನೆ ಹೊಕ್ಕರು. ನಾಲ್ಕು ಬಗೆ ಎಂದು ಬುಧವಾರ ಹೇಳಿದ್ದು ಈಗ ಅವರ ಹೆಗಲೇರಿತು. ಎಣ್ಣೆ ಎಲ್ಲಿ ಎಂದು ಕೂಗಿದರು. ನಿಮ್ಮ ಹಣೆಯ ಮೇಲೆ ಇರುವುದು ಬಿಟ್ಟು ಉಳಿದದ್ದು ಒಲೆಯ ಪಕ್ಕ ಎಂದಳು ಟೈಲರಮ್ಮ. ಉಪ್ಪು ಎಷ್ಟು ಎಂದರು. ಸಾಕಾಗುವಷ್ಟು ಎಂದಳು. ಸಾಕಾಗುವಷ್ಟು ಅಂದರೆ ಎಷ್ಟು ಎಂದರು. ಈ ಪ್ರಶ್ನೆಗೆ ಉತ್ತರವಿಲ್ಲ ಎಂಬುದು ಅವರಿಗೆ ನಾಲ್ಕೈದು ಸಲ ಕೇಳಿದ ಮೇಲೆ ತಿಳಿಯಿತು. ಅತ್ತೆ ಮಗನ ಸಹಾಯಕ್ಕೆಂದು ಹೋದವರು ಮೇಲ್ವಿಚಾರಕಿಯಾಗಿ ನಿಂತರು. ಹಾಗಲ್ಲ ಕಣೋ, ಸಣ್ಣಗೆ ಹೆಚ್ಚು, ಉರಿ ಇಳಿಸು, ಕ್ಯಾರೆಟ್ಟಿನ ತಲೆಯ ಜೊತೆ ನಿನ್ನ ಬೆರಳೂ ಹೋಗುತ್ತೆ ನೋಡು ಎಂದು ಬೈಯುತ್ತ, ಅದರಲ್ಲಿ ಅವರಿಗೆ ಎಂಥ ಖುಷಿ ಸಿಕ್ಕಿತೆಂದರೆ ಅಟ್ಟದ ಧೂಳಿನ ನೆನಪೇ ಹಾರಿಹೋಯಿತು. ಅಷ್ಟು ವರ್ಷ ತಾನು ಗಂಡನ ಬೂಟು ಎಳೆದುಕೊಂಡು ಓಡಾಡಿದಾಗ ಯಾಕೆ ಎಲ್ಲೂ ಸಿಕ್ಕಿಕೊಳ್ಳಲಿಲ್ಲ ಎಂದು ನಡುವೆ ಒಮ್ಮೆ ಹೊರಗೆ ಬಂದು ಸೊಸೆಯ ಹತ್ತಿರ ಮೆಲ್ಲಗೆ ಹೇಳಿ, ಮತ್ತೆ ಬೈಯಲು ಒಳಗೆ ಹೋದರು.

ಟೈಲರಮ್ಮ ಕೂತಿದ್ದಳು.

ಮೊದಲು ಕೈಗೆ ಏನು ಮಾಡುವುದೆಂದು ತಿಳಿಯಲಿಲ್ಲ. ಮಡಿಲಲ್ಲಿಟ್ಟಳು. ಎತ್ತಿ ಮಷೀನಿನ ಮೇಲಿಟ್ಟಳು. ಒಂದು ದಾರದ ಉಂಡೆ ಹತ್ತಿರವಿತ್ತು, ಸುತ್ತೋಣವೆಂದು ಚಾಚಿದ ಕೈಯನ್ನು ತಾನೇ ಹಿಂದಕ್ಕೆ ಕರೆಸಿಕೊಂಡಳು. ಕಿಟಕಿಯಿಂದ ಎದುರು ಮನೆಯ ಗೋಡೆಯ ಮೇಲೆ ಬಿಸಿಲು ಇಳಿಯುವುದು ಕಾಣುತ್ತಿತ್ತು. ಆ ಗೋಡೆಗೆ ಹಳದಿ ಬಣ್ಣ ಬಳಿದದ್ದು ಯಾವಾಗ? ಅವಳ ಲೆಕ್ಕದಲ್ಲಿ ಅದಿನ್ನೂ ನೀಲಿಯಾಗಿತ್ತು. ಅತ್ತೆ ಟೀ ತಂದು ಕೊಟ್ಟರು. ಯಜಮಾನರು ಕಾಸಿದ ಟೀ, ಸಕ್ಕರೆ ಜಾಸ್ತಿ, ಪುಡಿ ಅದಕ್ಕಿಂತ ಜಾಸ್ತಿ. ಆದರೆ ಬಿಸಿಯಿತ್ತು. ಇಷ್ಟು ವರ್ಷ ಮೋಟಾರಿಗೂ ಹಾಲಿಗೂ ಬಾಗಿಲು ಬಡಿದವರಿಗೂ ನಡುವೆ ಆರಿದ ಟೀಯನ್ನೇ ಕುಡಿದಿದ್ದ ಅವಳಿಗೆ, ಟೀ ನಾಲಗೆ ಸುಡುವ ಪದಾರ್ಥ ಎಂಬುದೇ ಮರೆತುಹೋಗಿತ್ತು. ಸುಟ್ಟಿತು. ಹಿತವಾಗಿ ಸುಟ್ಟಿತು. ನಿಧಾನವಾಗಿ, ಕೊನೆಯ ಗುಟುಕಿನವರೆಗೂ ಕುಡಿದಳು.

ಲೋಟ ಕೆಳಗಿಡುವಾಗ ಬಲಗಾಲಿನಲ್ಲಿ ಏನೋ ತಂಪೆನ್ನಿಸಿತು. ಹೆಬ್ಬೆರಳು ಅಲ್ಲಾಡಿಸಿದಳು, ಅಲ್ಲಾಡಿತು. ಹಿಮ್ಮಡಿ ಎತ್ತಿದಳು, ಎದ್ದಿತು. ಊತ ಇಳಿದಿತ್ತು, ಅತ್ತೆ ಸುರಿದ ಎಣ್ಣೆ ಈಗ ಕೆಲಸ ಮಾಡಿತ್ತು. ಉಸಿರು ಬಿಗಿ ಹಿಡಿದು ಎಳೆದುಕೊಂಡಳು. ಸದ್ದಿಲ್ಲದೆ ಪಾದ ಹೊರಗೆ ಬಂದು, ಕಾಲುಚೀಲದ ಸಮೇತ ನೆಲದ ಮೇಲೆ ನಿಂತಿತು. ಖಾಲಿ ಬೂಟು ಪೆಡಲಿನ ಮೇಲೆ ಬಾಯಿ ಬಿಟ್ಟುಕೊಂಡು ಕೂತಿತ್ತು.

ಅಡುಗೆಮನೆಯಿಂದ ಸೀದ ವಾಸನೆ ಸಣ್ಣಗೆ ತೇಲಿಬಂತು. ದೊಡ್ಡ ಮೇಡಂ ಬರುವ ಹೊತ್ತು ಹತ್ತಿರವಾಗುತ್ತಿತ್ತು. ಪಾತ್ರೆಯೊಂದು ಬಿತ್ತು. ಮುಚ್ಚಳ ತುಂಬ ಹೊತ್ತು ನೆಲದ ಮೇಲೆ ಗಿರಗಿರ ತಿರುಗಿತು. ಎದ್ದು ಹೋದರೆ ಆಯಿತು, ಉರಿ ಇಳಿಸಿ, ಸೀದದ್ದನ್ನು ಬದಿಗಿಟ್ಟು, ಉಳಿದದ್ದಕ್ಕೆ ಏನೋ ಒಂದು ಸೇರಿಸಿ, ನಾಲ್ಕಲ್ಲ ಐದು ಬಗೆ ಮಾಡಿ ಮೇಜಿನ ಮೇಲಿಡಬಹುದು. ಯಜಮಾನರ ಮರ್ಯಾದೆಯೂ ಉಳಿಯುತ್ತದೆ, ಶಾಖೆಯೂ. ಅವಳ ಎಡಗಾಲು ಆಗಲೇ ಅಭ್ಯಾಸಬಲದಿಂದ ಏಳಲು ನೆಲ ಊರಿತ್ತು.

"ಏನೇ, ಬಿಡ್ತಾ ಕಾಲು?" ಒಳಗಿನಿಂದ ಯಜಮಾನರ ಧ್ವನಿ ಬಂತು. ಅಷ್ಟು ಆಸೆಯಿಂದ ಅವರು ಅವಳ ಕಾಲಿನ ಯೋಗಕ್ಷೇಮ ಎಂದೂ ವಿಚಾರಿಸಿರಲಿಲ್ಲ.

ಟೈಲರಮ್ಮ ಬಾಗಿಲ ಕಡೆ ನೋಡಿದಳು. ಯಾರೂ ಇರಲಿಲ್ಲ. ಪಾದವನ್ನು ಮೆಲ್ಲಗೆ ಬೂಟಿನೊಳಗೆ ಇಳಿಸಿದಳು. ಎಷ್ಟು ಸಲೀಸಾಗಿ ಹೋಯಿತು! ಬೂಟು ಚೆನ್ನಾಗಿ ಪಳಗಿತ್ತು. ಬಗ್ಗಿ, ಲೇಸನ್ನು ಬಿಗಿಯಾಗಿ ಎಳೆದು, ಗಂಟಿನ ಮೇಲೆ ಇನ್ನೊಂದು ಗಂಟು ಹಾಕಿದಳು.

"ಇಲ್ಲಾ ರೀ, ಕದಲ್ತಾನೇ ಇಲ್ಲ," ಎಂದಳು. "ಇನ್ನೊಂದು ಲೋಟ ಟೀ ಕಳಿಸ್ತೀರಾ? ಬಿಸಿಯಾಗಿರಲಿ."